ಗಿನಿಹಂದಿಯ ಶ್ವಾಸರೋಗಗಳು: ಲಕ್ಷಣ, ಕಾರಣ ಮತ್ತು ಉಪಚಾರ
(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಪರಿಸರವನ್ನು ಗಮನದಲ್ಲಿರಿಸಿ)

೧. ಪೀಠಿಕೆ

ಗಿನಿಹಂದಿಯೆಂಬ ಹೆಸರಿನಲ್ಲಿ ಎರಡು ತಪ್ಪುಗಳು ಅಡಗಿವೆ. ಅದು ಹಂದಿಯ ಕುಲಕ್ಕೆ ಸೇರಿದುದಲ್ಲ. ಆಫ್ರಿಕದ ಗಿನಿ ನಾಡಿನಿಂದ ಬಂದುದೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆಯ ಜನರು ಸಾವಿರಾರು ವರ್ಷಗಳ ಹಿಂದೆಯೇ ಆಹಾರಕ್ಕಾಗಿ ಪಳಗಿಸಿದ್ದ ಈ ದಂಶಕ ಪ್ರಾಣಿ ೧೬ನೆಯ ಶತಮಾನದಲ್ಲಿ ಯೂರೋಪನ್ನು ಸೇರಿತು. ಅಲ್ಲಿ ಮೊದಲು ಶ್ರೀಮಂತರ ಮನೆಯ ಮುದ್ದಿನ ಪ್ರಾಣಿಯಾಗಿ, ಅನಂತರ ಪ್ರಯೋಗಶಾಲೆಯ ಪ್ರಾಣಿಯಾಗಿ ಪ್ರಸಿದ್ಧಿ ಪಡೆಯಿತು. ೧೮೮೨ರಲ್ಲಿ ರಾಬರ್ಟ್ ಕಾಖ್ ಕ್ಷಯರೋಗದ ಜೀವಾಣುವನ್ನು ಸ್ಥಿರಪಡಿಸಿದಾಗ ಅವನಿಗೆ ನೆರವಾದ ಪ್ರಾಣಿಗಳಲ್ಲಿ ಇದು ಮುಖ್ಯವಾದುದು. ೧೯೦೭ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಖ್ ಅವರು ಕೇವಲ ಧಾನ್ಯದ ಆಹಾರವನ್ನು ಕೊಟ್ಟು ಗಿನಿಹಂದಿಗಳಲ್ಲಿ ಸ್ಕರ್ವಿ ರೋಗ ಉಂಟಾಗುವುದನ್ನು ತೋರಿಸಿಕೊಟ್ಟರು.

ನಮ್ಮ ಕಾಲೇಜುಗಳ ಜೀವಶಾಸ್ತ್ರ ಪಠ್ಯಗಳಲ್ಲಿ ಹೆಸರು ಮಾತ್ರದಿಂದ ಪರಿಚಿತವಾಗಿದ್ದ ಈ ಪ್ರಾಣಿ ಈಗ ಪಟ್ಟಣಗಳ ಮನೆಗಳಲ್ಲಿ ಮಕ್ಕಳ ಒಡನಾಡಿಯಾಗಿದೆ. ‘ಗಿನಿಪಿಗ್’ ಎಂದೇ ಜನರು ಇದನ್ನು ಕರೆಯುವುದು ವಾಡಿಕೆ. ಸಾಧುಸ್ವಭಾವದ, ಸುಲಭವಾಗಿ ಸಾಕಬಹುದಾದ ಪ್ರಾಣಿಯೆಂಬ ಮಾತು ನಿಜವೇ ಆದರೂ, ಇದರ ಶ್ವಾಸಕೋಶ ಬಹು ಸುಕುಮಾರವಾದುದೆಂಬ ಅಂಶ ಅನೇಕರಿಗೆ ತಿಳಿದಿರುವುದಿಲ್ಲ. ಸಾಕಿದ ಗಿನಿಹಂದಿಗಳ ಮರಣಕ್ಕೆ ಕಾರಣವಾಗುವ ರೋಗಗಳಲ್ಲಿ ಶ್ವಾಸಕೋಶದ ಉರಿಯೂತಕ್ಕೆ ಪ್ರಮುಖ ಸ್ಥಾನವಿದೆ. ಆ ರೋಗದ ಸ್ವರೂಪವನ್ನೂ, ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳ ಹವೆ, ಕಸುಬು, ಮನೆವಾರ್ತೆಗಳಲ್ಲಿ ಅದಕ್ಕೆ ಆಸ್ಪದ ಕೊಡುವ ಸಂಗತಿಗಳನ್ನೂ, ಉಪಚಾರದ ಕ್ರಮವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

೨. ಉಸಿರಾಟದ ವೈಶಿಷ್ಟ್ಯ

ಬೆಳೆದ ಗಿನಿಹಂದಿಯ ತೂಕ ಸಾಮಾನ್ಯವಾಗಿ ೭೦೦ರಿಂದ ೧೨೦೦ ಗ್ರಾಂ. ಅದರ ಸಹಜ ದೇಹೋಷ್ಣತೆ ಸುಮಾರು ೩೭ರಿಂದ ೩೯.೫ ಡಿಗ್ರಿ ಸೆಂಟಿಗ್ರೇಡ್. ವಿಶ್ರಾಂತಿಯಲ್ಲಿರುವಾಗ ಉಸಿರಾಟದ ಗತಿ ನಿಮಿಷಕ್ಕೆ ಸುಮಾರು ೪೦ರಿಂದ ೧೦೦. ಈ ಪ್ರಾಣಿ ಮೂಗಿನಿಂದಲೇ ಉಸಿರಾಡುವಂತಹುದು. ಮನುಷ್ಯನಂತೆ ಮೂಗು ಕಟ್ಟಿದಾಗ ಬಾಯಿಂದ ಉಸಿರಾಡಿ ಕಾಲ ಕಳೆಯುವ ಅನುಕೂಲ ಇದಕ್ಕಿಲ್ಲ. ಆದುದರಿಂದ ನಮ್ಮಲ್ಲಿ ಕೇವಲ ನೆಗಡಿಯೆನಿಸಿಕೊಳ್ಳುವುದು ಇದರಲ್ಲಿ ಆಹಾರವನ್ನು ಬಿಡಿಸುವಷ್ಟು ದೊಡ್ಡ ತೊಂದರೆಯಾಗುತ್ತದೆ. ಬಾಯಿ ತೆರೆದು ಉಸಿರಾಡುವ ಗಿನಿಹಂದಿ ಪ್ರಾಣಾಪಾಯದಲ್ಲಿದೆಯೆಂದೇ ತಿಳಿಯಬೇಕು.

ಗಾಳಿಯಲ್ಲಿರುವ ದೋಷಕ್ಕೆ ಈ ಪ್ರಾಣಿಯ ಶ್ವಾಸಕೋಶ ಎಷ್ಟು ಬೇಗ ತುತ್ತಾಗುತ್ತದೆಂಬುದಕ್ಕೆ ವೈದ್ಯಶಾಸ್ತ್ರದ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ. ಅಮೆರಿಕದ ಬಾಲ್ಟಿಮೋರ್ ನಗರದ ಆಸ್ಪತ್ರೆಯೊಂದರಲ್ಲಿ ರಿಚರ್ಡ್ ರೈಲಿ ಮತ್ತು ವಿಲಿಯಂ ವೆಲ್ಸ್ ಅವರು ೧೯೫೦ರ ದಶಕದ ಉತ್ತರಾರ್ಧದಲ್ಲಿ ಒಂದು ಪ್ರಯೋಗವನ್ನು ಕೈಗೊಂಡರು. ಕ್ಷಯರೋಗಿಗಳಿದ್ದ ಕೊಠಡಿಗಳಿಂದ ಹೊರಬೀಳುವ ಗಾಳಿಯನ್ನು ಕೊಳವೆಗಳ ಮೂಲಕ ಮೇಲ್ಭಾಗದಲ್ಲಿದ್ದ ಗಿನಿಹಂದಿಗಳ ಗೂಡಿಗೆ ಹಾಯಿಸಲಾಯಿತು. ರೋಗಿಗಳನ್ನು ಎಂದೂ ಮುಟ್ಟದ, ಅವರ ಗಾಳಿಯನ್ನು ಮಾತ್ರ ಉಸಿರಾಡಿದ ಆ ಪ್ರಾಣಿಗಳಿಗೆ ಕ್ಷಯ ತಗುಲಿತು. ಕ್ಷಯವು ಗಾಳಿಯ ಮೂಲಕ ಹರಡುವುದೆಂಬುದು ಹೀಗೆ ಸಿದ್ಧವಾಯಿತು. ಅಂದು ಆಸ್ಪತ್ರೆಯ ಗಾಳಿಯನ್ನು ಪರೀಕ್ಷಿಸಿದ ಶ್ವಾಸಕೋಶವೇ ಇಂದು ನಮ್ಮ ಮನೆಯ ಗಾಳಿಯನ್ನೂ ಪರೀಕ್ಷಿಸುತ್ತಿದೆ. ರೋಗ ಬಂದಾಗ ಔಷಧದ ಸೀಸೆಯನ್ನು ಹುಡುಕುವಷ್ಟೇ ಆತುರದಿಂದ ಪ್ರಾಣಿಯಿರುವ ಕೋಣೆಯ ಗಾಳಿಯನ್ನೂ ಪರಿಶೀಲಿಸಬೇಕೆಂಬುದು ಇದರಿಂದ ಕಲಿಯಬೇಕಾದ ಪಾಠ.

೩. ಲಕ್ಷಣಗಳು

ಬೇಟೆಗೆ ಈಡಾಗುವ ಪ್ರಾಣಿಗಳೆಲ್ಲವೂ ತಮ್ಮ ಕಾಯಿಲೆಯನ್ನು ಮರೆಮಾಚುತ್ತವೆ, ಗಿನಿಹಂದಿಯೂ ಹಾಗೆಯೇ. ಕಾಯಿಲೆ ಕಣ್ಣಿಗೆ ಬೀಳುವ ವೇಳೆಗೆ ಅದು ಬಹಳ ಮುಂದುವರಿದಿರುವುದುಂಟು. ಆದುದರಿಂದ ಸಣ್ಣ ಬದಲಾವಣೆಗಳನ್ನು ಗುರುತಿಸುವ ಅಭ್ಯಾಸ ಅವಶ್ಯಕ.

ಹುಲ್ಲಿನ ಧೂಳಿಗೆ ಒಮ್ಮೊಮ್ಮೆ ಸೀನುವುದು ರೋಗವಲ್ಲ. ಮುಖ ತೊಳೆದುಕೊಳ್ಳುವಾಗ ಕಣ್ಣಿನಿಂದ ಹಾಲಿನಂತಹ ದ್ರವ ಸ್ರವಿಸುವುದೂ ಸಹಜವೇ. ಆದರೆ ಸೀನು ಪದೇ ಪದೇ ಬರುವುದು, ಮೂಗಿನಿಂದ ನೀರು ಅಥವಾ ಕೀವಿನಂತಹ ಸ್ರಾವ, ಕಣ್ಣಿನ ಸುತ್ತ ಕಟ್ಟಿದ ಹೊಪ್ಪಳಿಕೆ, ಮೂಗನ್ನು ಉಜ್ಜಿಕೊಂಡು ಒದ್ದೆಯಾದ ಮುಂಗಾಲಿನ ಒಳಬದಿ, ಉಸಿರಿನೊಡನೆ ಕೇಳಿಸುವ ಗೊರಗೊರ ಸದ್ದು, ಇವು ಎಚ್ಚರಿಕೆಯ ಚಿಹ್ನೆಗಳು. ಕೂದಲು ನಿಮಿರಿಸಿಕೊಂಡು ಮೂಲೆಯಲ್ಲಿ ಮುದುಡಿ ಕೂರುವುದು, ಪ್ರಿಯವಾದ ಸೊಪ್ಪನ್ನೂ ಮೂಸಿ ಬಿಡುವುದು, ಪ್ರತಿ ಉಸಿರಿಗೂ ಪಕ್ಕೆಗಳು ಒಳಸರಿಯುವುದು, ಇವು ರೋಗ ಬಲಿತುದರ ಲಕ್ಷಣಗಳು. ಬಾಯಿ ತೆರೆದು ಉಸಿರಾಡುವುದಾಗಲಿ, ತುಟಿ ಒಸಡುಗಳು ನೀಲಿಗಟ್ಟುವುದಾಗಲಿ ಕಂಡುಬಂದರೆ ಒಂದು ಗಂಟೆಯೂ ತಡಮಾಡಬಾರದು.

ಅಳತೆಗೆ ಸಿಕ್ಕುವ ಎರಡು ಪರೀಕ್ಷೆಗಳನ್ನು ಯಾರು ಬೇಕಾದರೂ ಮಾಡಬಹುದು. ಮೊದಲನೆಯದು, ಪ್ರಾಣಿ ಸುಮ್ಮನೆ ಮಲಗಿರುವಾಗ ಅದನ್ನು ಮುಟ್ಟದೆ, ಪಕ್ಕೆಯ ಏರಿಳಿತವನ್ನು ೧೫ ಸೆಕೆಂಡುಗಳವರೆಗೆ ಎಣಿಸಿ ನಾಲ್ಕರಿಂದ ಗುಣಿಸುವುದು. ಎರಡನೆಯದು, ಅಡಿಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ, ಕಾಯಿಲೆಯಲ್ಲಿ ದಿನಕ್ಕೊಮ್ಮೆ, ತೂಗಿ ಬರೆದಿಡುವುದು. ಒಂದು ಕಿಲೋ ತೂಗುತ್ತಿದ್ದ ಪ್ರಾಣಿ ೧೦೦ ಗ್ರಾಂ ಇಳಿದರೆ ಅದರ ಹತ್ತನೆಯ ಒಂದು ಭಾಗವೇ ಕರಗಿದಂತೆ. ಇದು ನಿಶ್ಚಯವಾಗಿ ವೈದ್ಯನ ಬಳಿಗೆ ಹೋಗಬೇಕಾದ ಸ್ಥಿತಿ.

೪. ಸೋಂಕಿನ ಕಾರಣಗಳು

ಗಿನಿಹಂದಿಯ ಶ್ವಾಸಕೋಶದ ಉರಿಯೂತಕ್ಕೆ ಮುಖ್ಯ ಕಾರಣವೆನಿಸಿದ ಜೀವಾಣುಗಳು ಎರಡು: ಬಾರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಮತ್ತು ಸ್ಟ್ರೆಪ್ಟೋಕಾಕಸ್ ನ್ಯುಮೋನಿಯೆ. ಇವುಗಳ ಕ್ರಮ ವಿಚಿತ್ರವಾದುದು. ಆರೋಗ್ಯವಾಗಿ ಕಾಣುವ ಪ್ರಾಣಿಯ ಮೂಗು ಗಂಟಲುಗಳಲ್ಲಿ ಇವು ತೊಂದರೆ ಕೊಡದೆ ನೆಲೆಸಿರಬಹುದು. ಪ್ರಯಾಣ, ಜಾಗದ ಬದಲಾವಣೆ, ಚಳಿ, ಗರ್ಭಧಾರಣೆ, ಆಹಾರದ ಕೊರತೆ, ಇವುಗಳಲ್ಲಿ ಯಾವುದಾದರೊಂದರಿಂದ ದೇಹದ ನಿರೋಧಶಕ್ತಿ ಕುಂದಿದೊಡನೆ ಶ್ವಾಸಕೋಶಕ್ಕಿಳಿದು ರೋಗವನ್ನುಂಟುಮಾಡುತ್ತವೆ. ಅಂಗಡಿಯಿಂದ ತಂದ ಮರಿ ಒಂದೆರಡು ವಾರಗಳಲ್ಲಿ ಕಾಯಿಲೆ ಬೀಳುವುದಕ್ಕೆ ಕಾರಣ ಬಹುಮಟ್ಟಿಗೆ ಇದೇ.

ಬಾರ್ಡೆಟೆಲ್ಲಾ ಜೀವಾಣುವನ್ನು ಮೊಲಗಳೂ ನಾಯಿಗಳೂ ತಮಗೆ ರೋಗವಿಲ್ಲದೆಯೇ ಹೊತ್ತುಕೊಂಡಿರಬಲ್ಲವು. ಮೊಲವನ್ನೂ ಗಿನಿಹಂದಿಯನ್ನೂ ಒಂದೇ ಗೂಡಿನಲ್ಲಿ ಸಾಕುವ ರೂಢಿ ನೋಡಲು ಸೊಗಸಾದರೂ ಶಾಸ್ತ್ರದೃಷ್ಟಿಯಿಂದ ಅಪಾಯಕರ. ಹೊಸದಾಗಿ ತಂದ ಪ್ರಾಣಿಯನ್ನು ಎರಡು ಮೂರು ವಾರಗಳವರೆಗೆ ಬೇರೆ ಕೋಣೆಯಲ್ಲಿಟ್ಟು, ಹಳೆಯ ಪ್ರಾಣಿಯ ಕೆಲಸವನ್ನು ಮೊದಲು ಮುಗಿಸಿ, ಹೊಸದರ ಕೆಲಸವನ್ನು ಅನಂತರ ಮಾಡಿ, ಕೈ ತೊಳೆದುಕೊಳ್ಳುವುದು ಕ್ರಮ. ಇವಲ್ಲದೆ ಗಿನಿಹಂದಿಗೆ ವಿಶಿಷ್ಟವಾದ ಅಡಿನೋವೈರಸ್ಸೊಂದೂ ಇದೆ.

ಉಸಿರಿನ ತೊಂದರೆಗಳೆಲ್ಲವೂ ಸೋಂಕಿನಿಂದಲೇ ಬರುವುದಿಲ್ಲ. ಹೃದಯದ ದೌರ್ಬಲ್ಯ, ಶ್ವಾಸಕೋಶದ ಗೆಡ್ಡೆ, ಹಲ್ಲಿನ ಬೇರಿನ ರೋಗ, ಮೂಗಿನಲ್ಲಿ ಸಿಕ್ಕಿಕೊಂಡ ಹುಲ್ಲಿನ ಎಸಳು, ಹೊಟ್ಟೆಯುಬ್ಬರದಿಂದ ವಪೆಯ ಮೇಲೆ ಬೀಳುವ ಒತ್ತಡ, ಇವೂ ಅದೇ ಲಕ್ಷಣಗಳನ್ನು ತೋರುತ್ತವೆ. ಆದುದರಿಂದ ಕೇವಲ ಹೊರಚಿಹ್ನೆಗಳನ್ನು ನೋಡಿ ಔಷಧವನ್ನು ನಿಶ್ಚಯಿಸುವುದು ಸಲ್ಲದು.

೫. ನಾಲ್ಕು ತಾಲ್ಲೂಕುಗಳ ಪರಿಸರ

೨೦೦೭ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಬಯಲುಸೀಮೆಗೆ ಸೇರಿದವು. ಆದರೂ ಇವುಗಳ ಹವೆ ಒಂದೇ ತೆರನಲ್ಲ. ೧೪೭೮ ಮೀಟರು ಎತ್ತರದ ನಂದಿಬೆಟ್ಟದ ನೆರೆಯಲ್ಲಿರುವ ಚಿಕ್ಕಬಳ್ಳಾಪುರದಲ್ಲಿ ಮಾಗಿಯ ಬೆಳಗು ಮಂಜಿನಿಂದಲೂ ಚಳಿಯಿಂದಲೂ ಕೂಡಿರುತ್ತದೆ. ಉತ್ತರ ಪಿನಾಕಿನಿಯ ಕಣಿವೆಯಲ್ಲಿ ತಗ್ಗಿನಲ್ಲಿರುವ ಗೌರಿಬಿದನೂರಿನಲ್ಲಿ ಬೇಸಗೆಯ ಬಿಸಿ ಹೆಚ್ಚು. ಗಿನಿಹಂದಿಗೆ ಹಿತವಾದುದು ಸುಮಾರು ೧೮ರಿಂದ ೨೪ ಡಿಗ್ರಿಯ ಉಷ್ಣತೆ. ಚಳಿಗಿಂತಲೂ ಬಿಸಿಯೇ ಅದಕ್ಕೆ ಹೆಚ್ಚು ಮಾರಕ. ಮಾರ್ಚಿಯಿಂದ ಮೇ ತಿಂಗಳವರೆಗೆ ಮಧ್ಯಾಹ್ನದಲ್ಲಿ ೩೫ ಡಿಗ್ರಿಯನ್ನು ಮೀರುವುದು ಇಲ್ಲಿ ಅಪೂರ್ವವಲ್ಲ. ತಗಡಿನ ಅಥವಾ ಸಿಮೆಂಟ್ ಶೀಟಿನ ಮಾಡಿನ ಕೆಳಗೆ ಅದು ಇನ್ನೂ ಏರುತ್ತದೆ. ಆಗ ಏದುಸಿರು ಬಿಡುತ್ತ ಜೊಲ್ಲು ಸುರಿಸುವ ಪ್ರಾಣಿಗೆ ತಗುಲಿರುವುದು ಸೋಂಕಲ್ಲ, ಉಷ್ಣಾಘಾತ. ಅದನ್ನು ತಂಪಾದ ನೆರಳಿಗೆ ಸಾಗಿಸಿ, ಕಿವಿ ಪಾದಗಳನ್ನು ತಣ್ಣೀರಿನ ಬಟ್ಟೆಯಿಂದ ಒರೆಸುತ್ತ ವೈದ್ಯನೆಡೆಗೆ ಒಯ್ಯಬೇಕು. ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಬಾರದು.

ಶಿಡ್ಲಘಟ್ಟ ಮತ್ತು ಚಿಂತಾಮಣಿಯ ಮಾತು ಬಂದಾಗ ರೇಷ್ಮೆಯನ್ನು ಹೇಳದೆ ಇರಲಾಗದು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲೊಂದು. ರೇಷ್ಮೆಹುಳು ಸಾಕುವ ಮನೆಯವರು ಪ್ರತಿ ಬೆಳೆಗೂ ಮುನ್ನ ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಮೊದಲಾದುವುಗಳಿಂದ ಕೋಣೆಯನ್ನು ಶುದ್ಧಿಮಾಡುತ್ತಾರೆ. ಸುಣ್ಣ ಬೆರೆತ ಪುಡಿಗಳನ್ನು ಹುಳುವಿನ ಹಾಸಿಗೆಯ ಮೇಲೆ ಎರಚುತ್ತಾರೆ. ಹುಳುವಿನ ರೋಗಗಳನ್ನು ತಡೆಯಲು ಇದು ಅನಿವಾರ್ಯ. ಆದರೆ ಬ್ಲೀಚಿಂಗ್ ಪುಡಿಯಿಂದೇಳುವ ಕ್ಲೋರಿನ್ನೂ ಫಾರ್ಮಲಿನ್ನಿನಿಂದ ಹೊರಬೀಳುವ ಫಾರ್ಮಾಲ್ಡಿಹೈಡೂ ಶ್ವಾಸನಾಳದ ಒಳಪೊರೆಯನ್ನು ಸುಡುವಂತಹ ಅನಿಲಗಳು. ಹುಳುಮನೆಗೆ ತಾಗಿದ ಕೋಣೆಯಲ್ಲಿ ಗಿನಿಹಂದಿಯ ಗೂಡಿದ್ದರೆ ಆ ದಿನಗಳಲ್ಲಿ ಅದನ್ನು ಬೇರೆ ಮನೆಗೆ ಸಾಗಿಸಿ, ವಾಸನೆ ಪೂರ್ಣವಾಗಿ ಅಡಗಿದ ಮೇಲೆಯೇ ಮರಳಿ ತರಬೇಕು. ನೂಲು ಬಿಚ್ಚುವ ಕಡೆ ಒಲೆಯ ಹೊಗೆಯೂ ಹಬೆಯೂ ಸೇರಿರುವುದರಿಂದ ಅಂತಹ ಸ್ಥಳವೂ ತಕ್ಕುದಲ್ಲ.

ಇಲ್ಲಿ ರೇಷ್ಮೆ ಬೆಳೆಗಾರರ ಅನುಭವವೇ ಒಂದು ದಾರಿದೀಪವಾಗಿದೆ. ಹುಳುಮನೆಯಲ್ಲಿ ಬೀಡಿ ಸೇದಬಾರದು, ಸೊಳ್ಳೆಬತ್ತಿ ಹಚ್ಚಬಾರದು, ಕೀಟನಾಶಕ ಸಿಂಪಡಿಸಿದ ಸೊಪ್ಪನ್ನು ಹಾಕಬಾರದು, ಗಾಳಿ ಆಡುತ್ತಿರಬೇಕು, ಸೆಕೆಯಾಗಬಾರದು ಎಂಬ ನಿಯಮಗಳು ಅಲ್ಲಿನ ಮಕ್ಕಳಿಗೂ ಗೊತ್ತು. ಹುಳುವಿಗೆ ತೋರುವ ಈ ಎಚ್ಚರವನ್ನು ಗಿನಿಹಂದಿಗೂ ತೋರಿದರೆ ಅರ್ಧ ರೋಗ ತಪ್ಪಿದಂತೆಯೇ. ಔಷಧ ಸಿಂಪಡಿಸದ ಹಿಪ್ಪುನೇರಳೆ ಸೊಪ್ಪನ್ನು ಮಿತವಾಗಿ ಈ ಪ್ರಾಣಿಗೆ ಕೊಡಲೂಬಹುದು.

ಇನ್ನು ಗೂಡಿನ ಹಾಸು. ಈ ಸೀಮೆಯಲ್ಲಿ ಅಗ್ಗವಾಗಿ ದೊರೆಯುವ ಕಡಲೆಕಾಯಿ ಸಿಪ್ಪೆ, ಸಾಮಿಲ್ಲಿನ ಮರದ ಹೊಟ್ಟು, ರಾಗಿ ಹೊಟ್ಟುಗಳಲ್ಲಿ ಧೂಳು ಬಹಳ. ತೇವ ತಗುಲಿದರೆ ಬೂಷ್ಟು ಹಿಡಿಯುತ್ತವೆ. ಕಲ್ಲು ಪುಡಿಮಾಡುವ ಘಟಕಗಳ ಸಮೀಪದ ಊರುಗಳಲ್ಲಿ ಹೊರಗಿನ ಧೂಳೂ ಇದರೊಡನೆ ಸೇರುತ್ತದೆ. ಒಗೆದು ಬಳಸಬಹುದಾದ ದಪ್ಪ ಬಟ್ಟೆ, ಅಥವಾ ಕಾಗದದ ಚೂರುಗಳ ಮೇಲೆ ಹಾಸಿದ ಒಣಹುಲ್ಲು ಲೇಸು. ಹುಲ್ಲನ್ನು ಗೂಡಿನ ಹೊರಗೆ ಕೊಡವಿ ಧೂಳು ತೆಗೆದು ಹಾಕಬೇಕು.

ಹಾಸನ್ನು ಬದಲಾಯಿಸದಿದ್ದರೆ ಆಗುವ ಹಾನಿಯ ಬಗೆಯನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಮೂತ್ರದಲ್ಲಿರುವ ಯೂರಿಯಾವನ್ನು ಒದ್ದೆ ಹಾಸಿನ ಜೀವಾಣುಗಳು ಒಡೆದು ಅಮೋನಿಯಾ ಅನಿಲವನ್ನಾಗಿ ಮಾಡುತ್ತವೆ. ಶ್ವಾಸನಾಳದ ಒಳಗೋಡೆಯಲ್ಲಿ ಸದಾ ಅಲುಗುತ್ತ ಧೂಳನ್ನೂ ರೋಗಾಣುಗಳನ್ನೂ ಮೇಲಕ್ಕೆ ತಳ್ಳುವ ಸೂಕ್ಷ್ಮ ಲೋಮಗಳಿವೆ. ಅಮೋನಿಯಾ ಈ ಲೋಮಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಹಾಗಾದಾಗ ಮೂಗಿನಲ್ಲಿದ್ದ ಜೀವಾಣು ತಡೆಯಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ನಿಂತ ಮನುಷ್ಯನ ಮೂಗು ನೆಲದಿಂದ ಐದಡಿ ಮೇಲಿದ್ದರೆ ಗಿನಿಹಂದಿಯ ಮೂಗು ಹಾಸಿನಿಂದ ಎರಡು ಬೆರಳಿನಷ್ಟು ಮೇಲಿರುತ್ತದೆ. ಗೂಡಿನೊಳಗೆ ಬಗ್ಗಿದಾಗ ನಮಗೆ ಘಾಟು ಹತ್ತಿದರೆ ಪ್ರಾಣಿ ಅದನ್ನು ಹಗಲಿರುಳು ಸಹಿಸುತ್ತಿದೆಯೆಂದೇ ಅರ್ಥ.

೬. ಜೀವಸತ್ವ ‘ಸಿ’

ಬಹುತೇಕ ಸಸ್ತನಿಗಳು ಜೀವಸತ್ವ ‘ಸಿ’ಯನ್ನು ತಮ್ಮ ಯಕೃತ್ತಿನಲ್ಲಿ ತಾವೇ ತಯಾರಿಸಿಕೊಳ್ಳುತ್ತವೆ. ಅದಕ್ಕೆ ಬೇಕಾದ ಗುಲೋನೊಲ್ಯಾಕ್ಟೋನ್ ಆಕ್ಸಿಡೇಸ್ ಎಂಬ ಕಿಣ್ವ ಮನುಷ್ಯನಲ್ಲಿಯೂ ಗಿನಿಹಂದಿಯಲ್ಲಿಯೂ ಇಲ್ಲ. ಈ ಸತ್ವದ ಕೊರತೆಯಾದ ಪ್ರಾಣಿಯಲ್ಲಿ ಕೀಲುನೋವು, ರಕ್ತಸ್ರಾವಗಳ ಜೊತೆಗೆ ಸೋಂಕನ್ನು ಎದುರಿಸುವ ಶಕ್ತಿಯೂ ಕುಗ್ಗುತ್ತದೆ. ಆರೋಗ್ಯದಲ್ಲಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ೧೦ರಿಂದ ೩೦ ಮಿಲಿಗ್ರಾಂ ಬೇಕು. ಕಾಯಿಲೆಯಲ್ಲಿ ಇದಕ್ಕಿಂತ ಹೆಚ್ಚು.

ದೊಣ್ಣೆಮೆಣಸಿನಕಾಯಿಯಲ್ಲಿ ೧೦೦ ಗ್ರಾಮಿಗೆ ೧೦೦ ಮಿಲಿಗ್ರಾಂ ಮೀರಿ ಈ ಸತ್ವವಿರುವುದರಿಂದ ಬೀಜ ತೆಗೆದ ೨೦ ಗ್ರಾಮಿನ ತುಂಡೊಂದು ದಿನದ ಅಗತ್ಯವನ್ನು ಬಹುಮಟ್ಟಿಗೆ ಪೂರೈಸುತ್ತದೆ. ಸೀಬೆಹಣ್ಣಿನಲ್ಲಿ ಇದರ ಪ್ರಮಾಣ ಇನ್ನೂ ಹೆಚ್ಚು. ಸಕ್ಕರೆಯಿರುವುದರಿಂದ ಚಿಕ್ಕ ಹೋಳು ಸಾಕು. ನೆಲ್ಲಿಕಾಯಿಯೂ ನುಗ್ಗೆಸೊಪ್ಪೂ ಉತ್ತಮ ಮೂಲಗಳೇ. ನುಗ್ಗೆಯಲ್ಲಿ ಸುಣ್ಣದ ಅಂಶ ಹೆಚ್ಚಾದುದರಿಂದ ಮಿತವಿರಲಿ. ಈ ಸೀಮೆಯ ಹೆಸರಾಂತ ಬೆಳೆಯಾದ ದ್ರಾಕ್ಷಿಯಲ್ಲಿ ಸಕ್ಕರೆ ಬಹಳ, ಈ ಸತ್ವ ಕಡಿಮೆ. ಟೊಮ್ಯಾಟೊ ಗಿಡದ ಎಲೆ ವಿಷಕಾರಿ. ತೋಟದಿಂದ ತಂದು ಹಾಕಬಾರದು. ದಿನವಿಡೀ ದೊರೆಯಬೇಕಾದ ಮುಖ್ಯ ಆಹಾರ ಹುಲ್ಲು. ಗರಿಕೆ ಇದಕ್ಕೆ ಒಳ್ಳೆಯದು. ಕುಡಿಯುವ ನೀರಿನಲ್ಲಿ ಬೆರೆಸಿದ ಜೀವಸತ್ವ ಬೇಗನೆ ನಾಶವಾಗುವುದರಿಂದ ಆ ಕ್ರಮವನ್ನು ನೆಚ್ಚುವಂತಿಲ್ಲ. ಜೀವಸತ್ವ ‘ಸಿ’ ನ್ಯುಮೋನಿಯಾಕ್ಕೆ ಮದ್ದಲ್ಲ. ಅದು ಮದ್ದಿಗೆ ಬಲ ಕೊಡುವ ಆಧಾರ ಮಾತ್ರ.

೭. ಔಷಧವೇ ವಿಷವಾಗುವ ಸಂದರ್ಭ

ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಡಬೇಕೆಂದಾದರೆ ಅದು ಇದು: ಗಿನಿಹಂದಿಗೆ ಅಮಾಕ್ಸಿಸಿಲಿನ್ ಕುಡಿಸಬಾರದು. ಮಗುವಿನ ಕೆಮ್ಮಿಗೆಂದು ತಂದು ಮನೆಯಲ್ಲಿ ಉಳಿದಿರುವ ಸಿರಪ್ಪನ್ನು ಪ್ರಾಣಿಗೂ ನಾಲ್ಕು ತೊಟ್ಟು ಹಾಕುವುದು ದಯೆಯಿಂದ ಮಾಡುವ ಕಾರ್ಯವೇ. ಆದರೆ ಅದರ ಫಲ ಮರಣವಾಗಬಹುದು.

ಕಾರಣವೇನೆಂದರೆ, ಗಿನಿಹಂದಿ ಹುಲ್ಲನ್ನು ಜೀರ್ಣಿಸಿಕೊಳ್ಳುವುದು ತನ್ನ ದೊಡ್ಡ ಅಂಧಾಂತ್ರದಲ್ಲಿರುವ ಸೂಕ್ಷ್ಮಜೀವಿಗಳ ಸಹಾಯದಿಂದ. ಪೆನಿಸಿಲಿನ್ ವರ್ಗದ ಔಷಧಗಳು ಈ ಉಪಕಾರಿ ಜೀವಾಣುಗಳನ್ನು ಕೊಂದುಬಿಡುತ್ತವೆ. ತೆರವಾದ ಎಡೆಯಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯ ಜೀವಾಣು ಬೆಳೆದು ವಿಷವನ್ನು ಸ್ರವಿಸುತ್ತದೆ. ಭೇದಿಯಾಗಿ ಕೆಲವೇ ದಿನಗಳಲ್ಲಿ ಪ್ರಾಣಿ ಸಾಯುತ್ತದೆ. ಪೆನಿಸಿಲಿನ್ ಗಿನಿಹಂದಿಗೆ ಮಾರಕವೆಂಬುದು ೧೯೪೩ರಲ್ಲಿಯೇ ಪ್ರಕಟವಾಯಿತು. ಆಕ್ಸ್‌ಫರ್ಡಿನಲ್ಲಿ ಫ್ಲೋರಿ ಮತ್ತು ಅವನ ಸಂಗಡಿಗರು ೧೯೪೦ರ ಮೇ ೨೫ರಂದು ಪೆನಿಸಿಲಿನ್ನಿನ ಪ್ರಥಮ ನಿರ್ಣಾಯಕ ಪರೀಕ್ಷೆಗೆ ಆರಿಸಿಕೊಂಡುದು ಎಂಟು ಇಲಿಗಳನ್ನು. ಅಂದು ಗಿನಿಹಂದಿಗಳನ್ನು ಆರಿಸಿಕೊಂಡಿದ್ದರೆ ಆ ಮಹೌಷಧವನ್ನು ವಿಷವೆಂದು ಬದಿಗೊತ್ತುವ ಸಂಭವವಿತ್ತು.

ಆಂಪಿಸಿಲಿನ್, ಲಿಂಕೊಮೈಸಿನ್, ಕ್ಲಿಂಡಮೈಸಿನ್, ಎರಿಥ್ರೊಮೈಸಿನ್‌ಗಳೂ ಇದೇ ಕಾರಣದಿಂದ ವರ್ಜ್ಯ. ಪಶುವೈದ್ಯರು ಸಾಮಾನ್ಯವಾಗಿ ಎನ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್, ಟ್ರೈಮಿಥೊಪ್ರಿಮ್-ಸಲ್ಫಾ ಇವುಗಳಲ್ಲಿ ತಕ್ಕುದನ್ನು ಆರಿಸುತ್ತಾರೆ. ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ತೂಕವನ್ನೂ ರೋಗವನ್ನೂ ನೋಡಿ ಅವರೇ ನಿಶ್ಚಯಿಸಬೇಕು. ಪ್ರಾಣಿ ಚೇತರಿಸಿಕೊಂಡಿತೆಂದು ನಡುವೆಯೇ ಔಷಧವನ್ನು ನಿಲ್ಲಿಸಬಾರದು.

ತಾಲ್ಲೂಕು ಪಶುಆಸ್ಪತ್ರೆಗಳ ದಿನನಿತ್ಯದ ಕೆಲಸ ಹೆಚ್ಚಾಗಿ ದನ, ಕುರಿ, ಮೇಕೆ, ಕೋಳಿಗಳಿಗೆ ಸಂಬಂಧಿಸಿದುದು. ಆದುದರಿಂದ ಪ್ರಾಣಿಯನ್ನು ಒಯ್ಯುವವರು ‘ಇದಕ್ಕೆ ಪೆನಿಸಿಲಿನ್ ವರ್ಗ ಆಗದು’ ಎಂಬ ಅಂಶವನ್ನು ವಿನಯದಿಂದ ಜ್ಞಾಪಿಸುವುದರಲ್ಲಿ ತಪ್ಪಿಲ್ಲ. ಹೆಚ್ಚಿನ ಪರೀಕ್ಷೆ ಬೇಕಾದಲ್ಲಿ, ೧೯೫೮ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಈ ಸೀಮೆಗೆ ಹತ್ತಿರವಾದುದು. ಪ್ರಯಾಣವನ್ನು ಬೆಳಗಿನ ತಂಪಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ, ಹುಲ್ಲಿನೊಡನೆ ಮಾಡಬೇಕು.

೮. ಮನೆಯಲ್ಲಿ ಶುಶ್ರೂಷೆ

ವೈದ್ಯನ ಚಿಕಿತ್ಸೆಯೊಡನೆ ಮನೆಯ ಆರೈಕೆಯೂ ಸೇರಿದಾಗಲೇ ಗುಣ ಕಾಣುವುದು. ಅದರಲ್ಲಿ ಮೊದಲನೆಯದು ಆಹಾರ. ಅರ್ಧ ದಿನದಿಂದ ಒಂದು ದಿನ ಆಹಾರವಿಲ್ಲದಿದ್ದರೆ ಗಿನಿಹಂದಿಯ ಕರುಳಿನ ಚಲನೆಯೇ ಕುಂಠಿತವಾಗುತ್ತದೆ. ಮೂಲರೋಗಕ್ಕಿಂತ ಇದೇ ಘಾತಕವಾಗಬಹುದು. ಸಿದ್ಧ ಆಹಾರದ ಗುಳಿಗೆಗಳನ್ನು ನೀರಿನಲ್ಲಿ ನೆನೆಸಿ ಗಂಜಿಯಂತೆ ಕಲಸಿ, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಿಂದ, ಒಂದು ಗುಟುಕು ನುಂಗಿದ ಮೇಲೆ ಇನ್ನೊಂದರಂತೆ ಕೊಡಬೇಕು. ಪ್ರಾಣಿಯನ್ನು ಅಂಗಾತ ಹಿಡಿಯಬಾರದು. ಆಹಾರ ಶ್ವಾಸನಾಳಕ್ಕೆ ಇಳಿದೀತು. ಬಾಯಿ ತೆರೆದು ಉಸಿರಾಡುತ್ತಿರುವಾಗ ಬಲವಂತದ ಆಹಾರ ಸಲ್ಲದು. ಆಗ ಬೇಕಾದುದು ಆಸ್ಪತ್ರೆಯ ಆಮ್ಲಜನಕ.

ಎರಡನೆಯದು ಮೂಗಿನ ಶುಚಿ. ಬೆಚ್ಚಗಿನ ಉಪ್ಪುನೀರಿನಲ್ಲಿ ಅದ್ದಿದ ಹತ್ತಿಯಿಂದ ಹೊಪ್ಪಳಿಕೆಯನ್ನು ಮೆಲ್ಲನೆ ಒರೆಸಬೇಕು. ವೈದ್ಯನು ಹೇಳಿದರೆ ನೆಬ್ಯುಲೈಸರಿನ ಮೂಲಕ ಲವಣಜಲದ ತುಂತುರನ್ನು ಹತ್ತು ಹದಿನೈದು ನಿಮಿಷ ಕೊಡಬಹುದು. ಆದರೆ ನಮ್ಮ ಮನೆಗಳಲ್ಲಿ ಮಕ್ಕಳ ಶೀತಕ್ಕೆ ಮಾಡುವ ಉಪಚಾರಗಳನ್ನು ಇಲ್ಲಿ ಅನುಸರಿಸಬಾರದು. ಬಿಸಿ ಹಬೆ ಹಿಡಿಸುವುದರಿಂದ ಉಷ್ಣಾಘಾತವಾಗುತ್ತದೆ. ಸಾಂಬ್ರಾಣಿಯ ಹೊಗೆ, ಕರ್ಪೂರ, ನೀಲಗಿರಿ ಎಣ್ಣೆ, ವಿಕ್ಸ್, ಇವೆಲ್ಲವೂ ಈಗಾಗಲೇ ಉರಿಗೊಂಡ ಶ್ವಾಸನಾಳವನ್ನು ಮತ್ತಷ್ಟು ಕೆರಳಿಸುತ್ತವೆ. ಸೌದೆಯೊಲೆ, ಊದುಬತ್ತಿ, ಸೊಳ್ಳೆಬತ್ತಿಗಳಿಂದಲೂ ಗೂಡು ದೂರವಿರಲಿ.

ಮೂರನೆಯದು ಸಂಗಡಿಗರ ಮತ್ತು ಮನೆಯವರ ರಕ್ಷಣೆ. ರೋಗಿಯನ್ನು ಇತರ ಗಿನಿಹಂದಿಗಳಿಂದ ಬೇರೆ ಕೋಣೆಯಲ್ಲಿರಿಸುವುದು ಸಾಮಾನ್ಯ ನಿಯಮ. ಕ್ಲಮೈಡಿಯಾ ಕೇವಿಯೆ ಎಂಬ ಜೀವಾಣು ಗಿನಿಹಂದಿಗಳಲ್ಲಿ ಕಣ್ಣುಬೇನೆಯನ್ನುಂಟುಮಾಡುವಂತಹುದು. ಅದರಿಂದ ಪ್ರಾಣಿಯ ಸಂಪರ್ಕದಲ್ಲಿದ್ದ ಮನುಷ್ಯರಿಗೆ ನ್ಯುಮೋನಿಯಾ ಬಂದ ನಿದರ್ಶನಗಳು ೨೦೧೭ರಲ್ಲಿ ನೆದರ್ಲೆಂಡ್ಸ್‌ನಿಂದ ವರದಿಯಾಗಿವೆ. ಇಂತಹುದು ವಿರಳ. ಆದರೂ ಪ್ರಾಣಿಯನ್ನು ಮುಟ್ಟಿದ ಮೇಲೆ ಮಕ್ಕಳು ಕೈ ತೊಳೆಯಬೇಕು. ಸಾಕಿದವರಿಗೆ ಜ್ವರ ಕೆಮ್ಮುಗಳು ಬಂದರೆ ಪ್ರಾಣಿಯ ವಿಷಯವನ್ನೂ ವೈದ್ಯರಿಗೆ ತಿಳಿಸಬೇಕು.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಗಿನಿಹಂದಿಯ ಶ್ವಾಸರೋಗದಲ್ಲಿ ಜೀವಾಣುವೊಂದೇ ಕಾರಣವಲ್ಲ; ಧೂಳು, ಘಾಟು, ಹೊಗೆ, ಬಿಸಿಲು, ಆಹಾರದ ಕೊರತೆ, ಇವು ಜೀವಾಣುವಿಗೆ ಬಾಗಿಲು ತೆರೆಯುತ್ತವೆ. ರೋಗವನ್ನು ಬೇಗ ಕಂಡುಹಿಡಿಯಲು ತಕ್ಕಡಿಯೂ ಗಡಿಯಾರವೂ ಸಾಕು. ಮನುಷ್ಯನಿಗೆ ಹಿತವಾದ ಔಷಧ ಎಲ್ಲ ಪ್ರಾಣಿಗಳಿಗೂ ಹಿತವಲ್ಲ.

ಕಾಲೇಜುಗಳ ಅಧ್ಯಾಪಕರು ಶ್ವಾಸಾಂಗ, ಕಿಣ್ವ, ಪ್ರತಿಜೀವಕ ಔಷಧಗಳನ್ನು ಬೋಧಿಸುವಾಗ ಈ ಪುಟ್ಟ ಪ್ರಾಣಿಯನ್ನು ಉದಾಹರಣೆಯಾಗಿ ಬಳಸಿಕೊಳ್ಳಬಹುದು. ಮನೆಯಲ್ಲಿ ಗಿನಿಹಂದಿಯನ್ನು ಸಾಕಿರುವ ವಿದ್ಯಾರ್ಥಿ ಅದರ ತೂಕ, ಉಸಿರಿನ ಗತಿ, ಕೋಣೆಯ ಉಷ್ಣತೆಗಳನ್ನು ಒಂದು ವರ್ಷ ಬರೆದಿಟ್ಟರೆ, ಚಿಕ್ಕಬಳ್ಳಾಪುರದ ಮಾಗಿಗೂ ಗೌರಿಬಿದನೂರಿನ ಬೇಸಗೆಗೂ ಆ ದೇಹ ಹೇಗೆ ಸ್ಪಂದಿಸಿತೆಂಬುದು ಆ ಪುಟಗಳಲ್ಲಿಯೇ ಕಾಣುತ್ತದೆ. ಕಾಯಿಲೆ ಬಂದ ದಿನ ವೈದ್ಯನಿಗೆ ಕೊಡಲು ಅದಕ್ಕಿಂತ ಉಪಯುಕ್ತವಾದ ದಾಖಲೆ ಬೇರೊಂದಿಲ್ಲ.